ಎಡಗಾಲು ಕಾಸ್ಟ್ಯೂಮ್, ಬಲಗಾಲು ಪ್ರಾಪ್ಸ್

ನವೆಂಬರ್ 4

ಟ್ರಂಕುಗಳನ್ನು ಇಳಿಸಿದ್ದಾಯಿತು. ಲಾಟೀನು ಎರಡು, ಒಂದರ ಗಾಜು ಬಿರುಕು. ಹಿಟ್ಟಿನ ಡಬ್ಬ ಸರಿಯಾಗಿದೆ. ಹಿಮದ ಚೀಲದಲ್ಲಿ ಕಳೆದ ವರ್ಷದ ಹಿಮವೇ ಇದೆ — ಪೇಪರ್ ಚೂರು, ಜೊತೆಗೆ ಗುಡಿಸುವಾಗ ಸೇರಿಕೊಂಡ ಹೇರ್‌ಪಿನ್, ಗುಂಡಿ, ಯಾರದೋ ಕಿವಿಯ ಓಲೆ. ಜರಡಿ ಹಿಡಿಯಬೇಕು. ಹೋದ ಸಲ ಹಿಮದ ಜೊತೆ ಸೇಫ್ಟಿ ಪಿನ್ ಬಿದ್ದು ನಮ್ಮ ಹಿರಿಯ ನಟಿ ದೊಡ್ಡಕ್ಕ ಸೀನಿನ ಮಧ್ಯದಲ್ಲೇ "ಅಯ್ಯೋ" ಅಂದರು. ಜನ ಅದನ್ನೂ ಅಭಿನಯ ಎಂದುಕೊಂಡು ಚಪ್ಪಾಳೆ ತಟ್ಟಿದರು.

"ಸಾಮಾನಕ್ಕಾ, ಎಲ್ಲಾ ಇದ್ಯಾ?" ಮ್ಯಾನೇಜರ್ ಬಾಗಿಲಿಂದಲೇ ಕೇಳಿದರು. ಈ ಥಿಯೇಟರಿನಲ್ಲಿ ಪ್ರಾಪ್ಸ್ ನೋಡಿಕೊಳ್ಳುವ ನನಗೆ ಅದೇ ಹೆಸರು. ಇದೆ ಅಂದೆ. ನಾನು ಇದೆ ಅಂದರೆ ಇದೆ.

ಸಿಪಾಯಿ ಪಾತ್ರದ ಬಲಗಾಲಿನ ಬೂಟು ನನ್ನ ಟ್ರಂಕಿನಲ್ಲಿ. ಎಡಗಾಲಿನದು ಕಾಸ್ಟ್ಯೂಮ್ ನೋಡಿಕೊಳ್ಳುವ ಕತ್ತರಿಯ ಟ್ರಂಕಿನಲ್ಲಿ. ಇಲ್ಲಿಯ ನಿಯಮ: ಮೈಮೇಲಿದ್ದರೆ ಕಾಸ್ಟ್ಯೂಮ್, ಕೈಯಲ್ಲಿದ್ದರೆ ಪ್ರಾಪ್ಸ್. ವರ್ಷದ ಕೊನೆಯ ರಜೆಗೆ ಆಡುವ ಈ ನಾಟಕದಲ್ಲಿ ಎಡ ಬೂಟು ಕೊನೆಯವರೆಗೂ ಕಾಲಿನಲ್ಲೇ. ಬಲ ಬೂಟು ಶುರುವಿನಲ್ಲೇ ಕಳಚಿ ಹಿಟ್ಟಿನ ಡಬ್ಬ ಸೇರುತ್ತದೆ. ಹಾಗಾಗಿ ಒಂದೇ ಜೋಡಿ, ಎರಡು ಡಿಪಾರ್ಟ್‌ಮೆಂಟ್. ಪಾಲಿಶ್ ಯಾರು ಹಾಕಬೇಕು ಎಂದು ಕತ್ತರಿಯೂ ನಾನೂ ಮೊದಲ ವರ್ಷ ಮಾತು ಬಿಟ್ಟಿದ್ದೆವು. ಕೊನೆಗೆ ಅವಳ ಬೂಟಿಗೆ ಅವಳು, ನನ್ನದಕ್ಕೆ ನಾನು. ಲೈಟಿನ ಕೆಳಗೆ ಒಂದು ಕಂದು, ಇನ್ನೊಂದು ಕಡುಕಂದು.

ಕತ್ತರಿ ಅಂದರೆ ನಮ್ಮ ಕಾಸ್ಟ್ಯೂಮಿನವಳು. ಕುತ್ತಿಗೆಗೆ ಟೇಪು, ಟೇಪಿಗೆ ಕತ್ತರಿ. ನನ್ನ ಮನೆಯ ಹಿಂದಿನ ರೂಮಿಗೆ ಬಾಡಿಗೆಗೆ ಬಂದವಳು. ಬಾಡಿಗೆ ಯಾವಾಗ ನಿಂತಿತೋ ಇಬ್ಬರಿಗೂ ನೆನಪಿಲ್ಲ. ಥಿಯೇಟರಿನಲ್ಲಿ ನಾವು "ಏನ್ರೀ". ಮನೆಯಲ್ಲಿ "ಏ".

ಹೊಸ ಡೈರೆಕ್ಟರ್ ನಾಳೆ ಬರುತ್ತಾನೆ. ಏನು ಕಿತಾಪತಿ ಮಾಡುತ್ತಾನೋ.

ನವೆಂಬರ್ 5

ಡೈರೆಕ್ಟರಿಗೆ ಚಿಕ್ಕ ವಯಸ್ಸು. ಸೆಕೆಯಲ್ಲೂ ಮಫ್ಲರ್. ಮಧ್ಯಾಹ್ನದ ಟೀ ಹೊತ್ತಿಗೆ ಎಲ್ಲರ ಬಾಯಲ್ಲೂ ಅದೇ ಹೆಸರಾಯಿತು.

ಕಥೆ ಎಲ್ಲರಿಗೂ ಬಾಯಿಪಾಠ. ಬೆಟ್ಟದ ದಾರಿಯಲ್ಲಿ ಒಂದು ಲಾಡ್ಜ್. ವರ್ಷದ ಕೊನೆಯ ದಿನ, ಹಿಮ. ರಜೆಗೆ ಊರಿಗೆ ಹೊರಟ ಸಿಪಾಯಿ ಒಂದು ರಾತ್ರಿಗೆಂದು ಬರುತ್ತಾನೆ. ಲಾಡ್ಜಿನ ಯಜಮಾನಿ ಅವನ ಒಂದು ಬೂಟನ್ನು ಹಿಟ್ಟಿನ ಡಬ್ಬದಲ್ಲಿ ಬಚ್ಚಿಡುತ್ತಾಳೆ. ಅವನು ಹುಡುಕುತ್ತಾನೆ, ಅವಳೂ ಹುಡುಕಿದ ಹಾಗೆ ಮಾಡುತ್ತಾಳೆ, ಹಿಮ ಕರಗುತ್ತದೆ, ಮದುವೆ. ನಮ್ಮ ಥಿಯೇಟರ್ ಬದುಕಿರುವುದೇ ಇದರಿಂದ.

ಮಫ್ಲರ್ ಮೇಜಿನ ತುದಿಯಲ್ಲಿ ಕೂತು, "ಸಿಪಾಯಿ ಹೆಂಗಸು," ಅಂದ.

"ಗಂಡಸಿನ ಪಾರ್ಟು ಹೆಂಗಸು ಮಾಡ್ತಾಳೆ ಅಂತಾನಾ? ಮಾಡ್ಲಿ ಬಿಡಿ, ಹೊಸದೇನಲ್ಲ," ಅಂದರು ಮ್ಯಾನೇಜರ್.

"ಹಾಗಲ್ಲ ಸಾರ್. ಪಾತ್ರಾನೇ ಹೆಂಗಸು. ಯಜಮಾನಿನೂ ಹೆಂಗಸು, ಸಿಪಾಯಿನೂ ಹೆಂಗಸು. ಕೊನೇಲಿ ಇಬ್ರೂ ಜೊತೇಲಿ ಇರ್ತಾರೆ."

"ಜೊತೇಲಿ ಅಂದ್ರೆ... ಫ್ರೆಂಡ್ಸ್ ಥರ?"

"ಫ್ರೆಂಡ್ಸ್ ಥರ ಅಲ್ಲ ಸಾರ್."

ಮ್ಯಾನೇಜರ್ ನೀರು ಕುಡಿದರು. "ಮಕ್ಕಳು ಬರ್ತಾರಲ್ರೀ!"

"ಮಕ್ಕಳಿಗೆ ಬೂಟು ಎಲ್ಲಿದೆ ಅನ್ನೋದೊಂದೇ ಚಿಂತೆ."

ಅದು ನಿಜ. ಪ್ರತಿ ಶೋನಲ್ಲೂ ಮಕ್ಕಳು ಹಿಟ್ಟಿನ ಡಬ್ಬ, ಹಿಟ್ಟಿನ ಡಬ್ಬ ಎಂದು ಕಿರುಚಿ ಗಂಟಲು ಹರಿದುಕೊಳ್ಳುತ್ತಾರೆ. ಸಿಪಾಯಿಗೆ ಕೇಳಿಸುವುದಿಲ್ಲ.

ಯಜಮಾನಿಯ ಪಾರ್ಟು ಮೊದಲಿಂದಲೂ ದೊಡ್ಡಕ್ಕನದು. ಅವರು ಬೇಡ ಅಂದರೆ ಅಲ್ಲಿಗೆ ಮುಗಿಯಿತು. ಎಲ್ಲರೂ ಅವರ ಮುಖ ನೋಡಿದರು. ದೊಡ್ಡಕ್ಕ ಕನ್ನಡಕ ಒರೆಸಿಕೊಂಡರು. "ಇಷ್ಟು ವರ್ಷ ಆ ಸಿಪಾಯಿ ಪಾರ್ಟಿನವನ ಬಾಯಿ ವಾಸನೆ ಸಹಿಸ್ಕೊಂಡು ಪ್ರೀತಿ ಮಾಡಿದೀನಿ. ಇದೇನ್ ಮಹಾ."

ಎಲ್ಲರೂ ನಕ್ಕರು. ಕತ್ತರಿ ನಗಲಿಲ್ಲ. ಸೂಜಿಗೆ ದಾರ ಪೋಣಿಸುತ್ತಿದ್ದಳು, ಪೋಣಿಸುತ್ತಲೇ ಇದ್ದಳು.

"ಬೂಟಿನ ಸೈಜ್ ಬದಲಾಗುತ್ತಾ?" ಎಂದು ಕೇಳಿದೆ. ನನಗೆ ಹೊಳೆದ ಪ್ರಶ್ನೆ ಅದೊಂದೇ.

ನವೆಂಬರ್ 9, ಬೆಳಿಗ್ಗೆ

ಕತ್ತರಿಯ ತಂಗಿಯ ಫೋನ್. ನಾನೇ ಎತ್ತಿದೆ. "ಓನರಮ್ಮಾ, ಚೆನ್ನಾಗಿದೀರಾ? ಅಕ್ಕಂಗೆ ಕೊಡಿ." ಮೊದಲಿಂದಲೂ ನಾನು ಓನರಮ್ಮ.

ತಂಗಿ ಬೇರೆ ಊರಿನಲ್ಲಿ ಹೊಲಿಗೆ ಅಂಗಡಿ ಹಾಕಿದ್ದಾಳೆ. ಮೇಲೆ ಮನೆ, ಕೆಳಗೆ ಅಂಗಡಿ. ಅಕ್ಕ ಬಂದು ಜೊತೆಯಲ್ಲೇ ಇರಲಿ, ಈ ವಯಸ್ಸಿನಲ್ಲಿ ಯಾರದೋ ಮನೆಯಲ್ಲಿ ಯಾಕೆ ಅನ್ನುವುದು ಅವಳ ವಾದ. ತಪ್ಪೇನಿಲ್ಲ ಅವಳದು.

ಫೋನಿಟ್ಟು ಕತ್ತರಿ ಅಡುಗೆಮನೆಯ ಬಾಗಿಲಲ್ಲಿ ನಿಂತಳು. "ಸೀಸನ್ ಮುಗಿದ್ಮೇಲೆ ಬಾ ಅಂತಿದ್ದಾಳೆ. ಪೂರ್ತಿಯಾಗಿ. ಏನ್ ಮಾಡ್ಲಿ?"

ಲಾಟೀನಿನ ಸೊಟ್ಟಗಾದ ಹಿಡಿಯನ್ನು ಸರಿಮಾಡುತ್ತಿದ್ದೆ. "ನಿನ್ನಿಷ್ಟ," ಅಂದೆ.

"ನನ್ನಿಷ್ಟ," ಅಂದಳು. ಪಾತ್ರೆ ತೊಳೆದಳು. ಬಹಳ ಸದ್ದು ಮಾಡಿಕೊಂಡು ತೊಳೆದಳು.

ನವೆಂಬರ್ 17

ರಿಹರ್ಸಲ್ ನಿಂತುಹೋಯಿತು. ಯಜಮಾನಿ ಬೂಟು ಬಚ್ಚಿಡುವುದು ಮಫ್ಲರ್‌ಗೆ ಒಗ್ಗುತ್ತಿಲ್ಲ.

"ಇನ್ನೊಬ್ಬರ ಬೂಟು ಕದ್ದು, ಹೋಗದ ಹಾಗೆ ಮಾಡೋದು ಪ್ರೀತಿನಾ? ಬಲವಂತ ಅಲ್ವಾ ಅದು?"

"ಇಷ್ಟು ವರ್ಷ ಯಾರಿಗೂ ಹಾಗನ್ನಿಸ್ಲಿಲ್ಲ ಕಣಪ್ಪ," ಅಂದರು ದೊಡ್ಡಕ್ಕ.

"ನನಗನ್ನಿಸ್ತಿದೆಯಲ್ಲ ದೊಡ್ಡಕ್ಕ."

ಸಿಪಾಯಿಯ ಪಾರ್ಟಿನ ಹುಡುಗಿ ಕೋಟು ಹಾಕಿಕೊಂಡು ನಿಂತಿದ್ದಳು. ಉದ್ದ ಕಾಲು, ಉದ್ದ ಕತ್ತು, ಎಲ್ಲರೂ ಕೊಕ್ಕರೆ ಅನ್ನುತ್ತಾರೆ, ಬೇಜಾರಿಲ್ಲ ಅವಳಿಗೆ. ಕತ್ತರಿ ಅವಳ ಕೋಟಿನ ಅಂಚು ಮಡಿಸುತ್ತ ನೆಲದ ಮೇಲೆ ಕೂತಿದ್ದಳು. ಬಾಯಿ ತುಂಬ ಗುಂಡುಪಿನ್ನು. ಅದರ ಸಂದಿಯಿಂದಲೇ ಹೇಳಿದಳು: "ಹೋಗೋವಳೇ ಬಚ್ಚಿಡ್ಲಿ."

"ಏನಂದ್ರಿ?"

ಪಿನ್ನು ತೆಗೆದಳು. "ಬೂಟು. ಹೋಗೋವಳೇ ತನ್ನ ಬೂಟು ತಾನೇ ಬಚ್ಚಿಡ್ಲಿ. ಅವಳಿಗೆ ಹೋಗೋಕೆ ಮನಸ್ಸಿಲ್ಲ. ಇರ್ತೀನಿ ಅಂತ ಬಾಯಿಬಿಟ್ಟು ಹೇಳೋದು ಹೇಗೆ, ಯಾರೂ ಇರು ಅಂದಿಲ್ವಲ್ಲ. ಬೂಟೇ ಸಿಗದಿದ್ರೆ?"

"ಆಗ ಯಜಮಾನಿ ಏನ್ ಮಾಡ್ತಾಳೆ?"

"ಅದು ಯಜಮಾನಿಗೆ ಬಿಟ್ಟಿದ್ದು. ಹುಡುಕಿ ತಂದು ಕೈಗೆ ಕೊಟ್ಲು ಅಂದ್ರೆ, ಹೊರಡಮ್ಮ ಅಂತ."

ಮಫ್ಲರ್ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡ. ಆಮೇಲೆ ಕುಣಿದ. ಮೂರನೇ ಅಂಕ ಪೂರ್ತಿ ಹರಿದುಹಾಕಿ ಹೊಸದು ಬರೆಯುತ್ತಾನಂತೆ.

"ಡಬ್ಬ ಅದೇ ತಾನೇ? ಅದನ್ನ ಬದಲಾಯಿಸಲ್ವಲ್ಲ?" ಎಂದು ಕೇಳಿದೆ.

ಕತ್ತರಿ ನನ್ನ ಕಡೆ ನೋಡಿದಳು. "ಅದೇ ಡಬ್ಬ ಕಣ್ರೀ," ಅಂದಳು. ಪಿನ್ನು ಮತ್ತೆ ಬಾಯಿಗೆ ಹೋಯಿತು.

ನವೆಂಬರ್ 30

ತಂಗಿ ಬಸ್ ಟಿಕೆಟ್ ಬುಕ್ ಮಾಡಿದ್ದಾಳೆ. ಜನವರಿ ಒಂದು, ಸಂಜೆ. ಶೋ ಮುಗಿದ ಮರುದಿನ. ಕತ್ತರಿ ಊಟದ ಮಧ್ಯೆ ಹೇಳಿದಳು. ಹೂಂ ಅಂದೆ. ಉಪ್ಪು ಬೇಕಾ ಅಂದಳು. ಬೇಡ ಅಂದೆ.

ಡಿಸೆಂಬರ್ 8

ಮಫ್ಲರ್ ನಿಜವಾದ ಮೈದಾ ಬೇಕು ಎಂದು ಹಟ ಹಿಡಿದ. ಹುಳ ಬೀಳುತ್ತೆ ಎಂದು ಹೇಳಿದೆ. ಕೇಳಲಿಲ್ಲ. ಹುಳ ಬಿತ್ತು. ಕೊಕ್ಕರೆ ಡಬ್ಬದ ಮುಚ್ಚಳ ತೆಗೆದವಳು ಕಿರುಚಿ ಸೈಡ್ ವಿಂಗಿಗೇ ಓಡಿದಳು. ಜರಡಿ ಹಿಡಿದು ಹೊಸದು ತುಂಬಿದೆ. ಈ ವರ್ಷ ನಾನು ಹಿಮ, ಹಿಟ್ಟು ಎರಡನ್ನೂ ಜರಡಿ ಹಿಡಿಯುವವಳು.

ಮಧ್ಯಾಹ್ನ ಒಬ್ಬ ಗಂಡಸು ಊಟದ ಕ್ಯಾರಿಯರ್ ಹಿಡಿದು ಬಂದ. ಬೋಳುತಲೆ, ಸಂಕೋಚದ ಮುಖ. ಮಫ್ಲರ್ ಅವನ ಭುಜದ ಮೇಲೆ ಕೈಹಾಕಿ ಎಲ್ಲರಿಗೂ, "ಇವ್ರು ನನ್ನ ಪಾರ್ಟ್‌ನರ್. ನಾನು ಊಟ ಮರೀತೀನಿ, ಇವ್ರು ತರ್ತಾರೆ," ಅಂದ. ಅಷ್ಟೇ. ಆಕಾಶ ಕಳಚಿ ಬೀಳಲಿಲ್ಲ. ಮ್ಯಾನೇಜರ್ ಕೂಡ ನಮಸ್ಕಾರ ಅಂದರು. ಕತ್ತರಿ ಕುರ್ಚಿ ತಂದುಕೊಟ್ಟಳು.

ನನಗೆ ಹೊಟ್ಟೆ ಉರಿಯಿತು. ಸುಳ್ಳು ಯಾಕೆ ಬರೆಯಲಿ.

ಡಿಸೆಂಬರ್ 13

ಒಂದು ವಿಷಯ ಬರೆದಿಡುತ್ತೇನೆ. ಹಿಂದಿನ ರೂಮಿನ ಕಿಟಕಿ ಮುಚ್ಚುವುದಿಲ್ಲ, ಚಳಿ ಎಂದು ಒಂದು ವರ್ಷ ಕತ್ತರಿ ಮುಂದಿನ ರೂಮಿಗೆ ಬಂದಳು. ನನ್ನ ರೂಮಿಗೆ. ಆಮೇಲೆ ಕಿಟಕಿ ರಿಪೇರಿ ಆಯಿತು. ಅವಳು ಹಿಂದೆ ಹೋಗಲಿಲ್ಲ. ನಾನು ಕೇಳಲಿಲ್ಲ, ಅವಳು ಹೇಳಲಿಲ್ಲ. ತಂಗಿ ಬಂದಾಗ ಮಾತ್ರ ಹಿಂದಿನ ರೂಮಿನಲ್ಲಿ ಹಾಸಿಗೆ ಹಾಸುತ್ತಾಳೆ. ದಿಂಬಿನ ಮೇಲೆ ಒಂದಿಷ್ಟು ಸುಕ್ಕು, ಪಕ್ಕದಲ್ಲಿ ನೀರಿನ ಲೋಟ, ಅರ್ಧ ಓದಿದ ಪತ್ರಿಕೆ. ಜೋಡಿಸುವವಳು ನಾನೇ. ಚೆನ್ನಾಗಿ ಜೋಡಿಸುತ್ತೇನೆ. ಅದೇ ತಾನೇ ನನ್ನ ಕೆಲಸ.

ಡಿಸೆಂಬರ್ 20

ಮೊದಲ ಶೋ. ಹೌಸ್‌ಫುಲ್. ನನ್ನ ಟೇಬಲ್ ಸೈಡ್ ವಿಂಗಿನಲ್ಲಿ. ಪ್ರತಿ ಸಾಮಾನಿನ ಸುತ್ತ ಸೀಮೆಸುಣ್ಣದ ಗೆರೆ, ಗೆರೆಯೊಳಗೆ ಆ ಸಾಮಾನು. ಖಾಲಿ ಗೆರೆ ಕಂಡರೆ ಏನೋ ತಪ್ಪಿದೆ ಎಂದು ಅರ್ಥ. ನನ್ನ ಹೊರತು ಯಾರೂ ಮುಟ್ಟುವಂತಿಲ್ಲ, ಹೊರಗಿನ ವಸ್ತು ಇಡುವಂತಿಲ್ಲ. ಮಫ್ಲರ್ ಟೀ ಕಪ್ ಇಟ್ಟ. ಬೈದೆ.

ಕೊಕ್ಕರೆ ಎಲ್ಲರೂ ಮಲಗಿದ ಮೇಲೆ ಮೆಲ್ಲಗೆ ಎದ್ದು, ತನ್ನ ಬೂಟನ್ನು ತಾನೇ ಹಿಟ್ಟಿನಲ್ಲಿ ಹೂತಳು. ಮಕ್ಕಳಿಗೆ ಒಂದು ಕ್ಷಣ ಏನೂ ತಿಳಿಯಲಿಲ್ಲ. ಪ್ರತಿ ವರ್ಷ ಕಿರುಚುವ ಜಾಗದಲ್ಲಿ ಪೂರ್ತಿ ಮೌನ. ಆಮೇಲೆ ಒಂದು ಪುಟ್ಟ ಹುಡುಗಿ, "ಅಮ್ಮಾ, ಅವಳಿಗೆ ಹೋಗೋಕೆ ಇಷ್ಟ ಇಲ್ಲ!" ಎಂದು ಕೂಗಿದಳು. ಥಿಯೇಟರ್ ನಕ್ಕಿತು.

ಕೊನೆಯ ಸೀನ್. ಬೆಳಿಗ್ಗೆ ಯಜಮಾನಿ ಬ್ರೆಡ್ಡಿಗೆ ಹಿಟ್ಟು ತೆಗೆಯಲು ಹೋಗಿ ಬೂಟು ನೋಡುತ್ತಾಳೆ. ಹಿಂದಿನಿಂದ ಸಿಪಾಯಿ ಒಂಟಿ ಬೂಟಿನಲ್ಲಿ ಕುಂಟುತ್ತ ಬಂದು, "ನನ್ನ ಬೂಟು ನೋಡಿದ್ರಾ?" ಅನ್ನುತ್ತಾಳೆ. ದೊಡ್ಡಕ್ಕ ಮುಚ್ಚಳ ಹಾಕಿ, ಅದರ ಮೇಲೆ ಕೂತು, "ಇಲ್ಲ," ಅನ್ನುತ್ತಾರೆ. ಇಬ್ಬರೂ ನಗುತ್ತಾರೆ. ಹಿಮ ಬೀಳುತ್ತದೆ. ಪರದೆ. ಮಕ್ಕಳೆಲ್ಲ ಸುಳ್ಳು, ಸುಳ್ಳು ಎಂದು ಕುಣಿದರು.

ಮಧ್ಯದಲ್ಲಿ ಎರಡು ಮನೆಯವರು ಎದ್ದು ಹೋದರಂತೆ. ಒಬ್ಬ ಯಜಮಾನರು ಮ್ಯಾನೇಜರ್ ಹತ್ತಿರ ಬಂದು ಗಲಾಟೆ ಮಾಡಿದರಂತೆ. "ಬೂಟು ಸಿಕ್ತಲ್ಲ ಸಾರ್, ಇನ್ನೇನು?" ಎಂದು ಮ್ಯಾನೇಜರ್ ಕೇಳಿದರಂತೆ. ಭಲೇ ಮನುಷ್ಯ.

ನನಗೆ ಆ "ಇಲ್ಲ" ಹಿಡಿಸಲಿಲ್ಲ. ಇರುವ ಸಾಮಾನನ್ನು ಇಲ್ಲ ಅನ್ನಬಾರದು. ಮಫ್ಲರ್‌ಗೆ ಹೇಳಿದೆ. "ಮತ್ತೇನನ್ಬೇಕು ಸಾಮಾನಕ್ಕ?" ಅಂದ. ಗೊತ್ತಿಲ್ಲ ಅಂದೆ.

ಡಿಸೆಂಬರ್ 27

ಕತ್ತರಿಯ ಸೂಟ್‌ಕೇಸ್ ಮಂಚದ ಮೇಲೆ ತೆರೆದಿದೆ. ಹೊಲಿಗೆ ಮೆಷಿನ್ ಆಗಲೇ ಲಾರಿಯಲ್ಲಿ ಹೋಯಿತು. ಮೆಷಿನ್ ಇದ್ದ ಜಾಗದಲ್ಲಿ ನೆಲ ಬೇರೆ ಬಣ್ಣ. ನನ್ನ ಟೇಬಲ್ಲಿನ ಖಾಲಿ ಗೆರೆಯ ಹಾಗೆ ಕಾಣುತ್ತದೆ. ಅತ್ತ ನೋಡುವುದಿಲ್ಲ.

ನನಗೆ ಅವಳು ಹೋಗುವುದು ಬೇಡ. ಬರೆದಾಯಿತು. ಬರೆಯುವುದು ಸುಲಭ. ಬಾಯಿ ತೆರೆದರೆ ಬಸ್ಸಿನಲ್ಲಿ ಶಾಲು ಹೊದ್ದುಕೋ, ಕಿಟಕಿ ಪಕ್ಕ ಕೂರಬೇಡ — ಇಂಥದ್ದೇ ಬರುತ್ತದೆ. ಇರು ಅನ್ನಲು ನಾನು ಯಾರು? ಓನರ್. ಅದೂ ಬಾಡಿಗೆ ಇಲ್ಲದ ಓನರ್.

ಇಷ್ಟು ದಿನ ಹೆಸರಿಲ್ಲದೆ ನಡೆದುಕೊಂಡು ಬಂದಿದೆ. ಹೆಸರು ಕೇಳಿದ ತಕ್ಷಣ ಅವಳು ಛೆ, ಹಾಗೇನಿಲ್ಲ ಅಂದುಬಿಟ್ಟರೆ? ಅವಳು ಹೋಗುವುದಕ್ಕಿಂತ ಅದಕ್ಕೇ ಹೆಚ್ಚು ಹೆದರಿಕೆ. ಎಂಥ ಪುಕ್ಕಲು ನಾನು.

ಡಿಸೆಂಬರ್ 31

ಕೊನೆಯ ಶೋ. ಶೋ ಮುಗಿದ ಮೇಲೆ ಕತ್ತರಿ ಎಡ ಬೂಟನ್ನು ತಂದು ನನ್ನ ಟೇಬಲ್ಲಿನ ಮೇಲೆ, ಬಲ ಬೂಟಿನ ಪಕ್ಕದಲ್ಲಿ ಇಟ್ಟಳು.

"ಇನ್ಮೇಲೆ ಎರಡಕ್ಕೂ ನೀವೇ ಪಾಲಿಶ್ ಹಾಕ್ಕೊಳ್ರೀ. ಒಂದೇ ಬಣ್ಣ ಬರುತ್ತೆ."

"ಅದು ಕಾಸ್ಟ್ಯೂಮ್," ಅಂದೆ.

"ಬಿಡಿ ಸಾಮಾನಕ್ಕ," ಅಂದಳು. ಮೊದಲ ಸಲ ಅವಳ ಬಾಯಿಂದ ಸಾಮಾನಕ್ಕ. ಗ್ರೀನ್ ರೂಮಿಗೆ ಹೋದಳು. ದೊಡ್ಡಕ್ಕ ಮೇಕಪ್ ತೆಗೆಯುತ್ತ ಅಳುತ್ತಿದ್ದರು, ಅವಳ ಕೈ ಹಿಡಿದುಕೊಂಡು. ನಾನು ಲಾಟೀನಿನ ಎಣ್ಣೆ ಬಸಿದೆ.

ಜನವರಿ 1

ಎಲ್ಲ ಒಟ್ಟಿಗೆ ಬರೆಯುತ್ತಿದ್ದೇನೆ.

ಬೆಳಿಗ್ಗೆ ಒಬ್ಬಳೇ ಥಿಯೇಟರಿಗೆ ಹೋದೆ. ಕತ್ತರಿ ನಿದ್ದೆಯಲ್ಲಿದ್ದಳು, ಅಥವಾ ಹಾಗೆ ಮಲಗಿದ್ದಳು. ಬೂಟು ಎರಡೂ ಟ್ರಂಕಿಗೆ. ಲಾಟೀನು ಟ್ರಂಕಿಗೆ. ಹಿಮ ಗುಡಿಸಿ ಚೀಲಕ್ಕೆ. ಕೊನೆಗೆ, ಮಧ್ಯಾಹ್ನ ಕಳೆದ ಮೇಲೆ, ಹಿಟ್ಟಿನ ಡಬ್ಬ. ಬಗ್ಗಿಸಿದರೆ ಒಳಗೆ ಏನೋ ದಡಕ್ಕೆಂದಿತು.

ಜರಡಿಯಲ್ಲಿ ಒಂದು ಶೂ ನಿಂತಿತು.

ಮೊದಲು ಬಂದದ್ದು ಕೋಪ. ಹೊರಗಿನ ವಸ್ತು! ನನ್ನ ಡಬ್ಬದಲ್ಲಿ! ಮಫ್ಲರ್‌ದೇ ಕೆಲಸ ಎಂದು ಬೈಯಲು ಬಾಯಿ ತೆರೆದೂ ಆಗಿತ್ತು, ಖಾಲಿ ಸ್ಟೇಜಿಗೆ. ಹಿಟ್ಟು ಕೊಡವಿದೆ. ಕಪ್ಪು ಶೂ, ಬಲಗಾಲು. ಪಟ್ಟಿ ಕಿತ್ತುಹೋಗಿ ಕೋಟಿನ ದಪ್ಪ ದಾರದಲ್ಲಿ ಹೊಲಿದದ್ದು. ಆ ಹೊಲಿಗೆ ನನಗೆ ಗೊತ್ತು. ಕತ್ತರಿ ಅದನ್ನು ಹೊಲಿಯುವಾಗ ಟಾರ್ಚ್ ಹಿಡಿದವಳು ನಾನೇ.

ಆಗಲೂ ಅರ್ಥವಾಗಲಿಲ್ಲ. ಯಾಕೆ ಇಲ್ಲಿ ಬಂತು, ಇಲಿ ಎಳೆದು ತಂದಿತೇ ಎಂದೆಲ್ಲ ಯೋಚಿಸಿದೆ. ನಾನೊಂದು ಟ್ಯೂಬ್‌ಲೈಟ್. ಎಷ್ಟೋ ಹೊತ್ತಿನ ಮೇಲೆ ಹತ್ತಿಕೊಂಡಿತು. ಅಲ್ಲೇ, ಸ್ಟೇಜಿನ ಮೇಲೆ, ಹಿಟ್ಟಿನಲ್ಲೇ ಕೂತುಬಿಟ್ಟೆ. ಅತ್ತೆನೇನೋ. ಹಿಟ್ಟಿಗೆ ನೀರು ಬಿದ್ದರೆ ಅಂಟಾಗುತ್ತದೆ, ಮುಖವೆಲ್ಲ ಅಂಟು.

ಜರಡಿ ಅಲ್ಲೇ ಬಿಟ್ಟೆ. ಬೀಗ ಹಾಕಿದೆನೋ ಇಲ್ಲವೋ.

ಮನೆಗೆ ಬಂದಾಗ ಸಂಜೆಯಾಗಿತ್ತು. ಸೂಟ್‌ಕೇಸ್ ಬಾಗಿಲ ಪಕ್ಕದಲ್ಲಿ ಸಿದ್ಧವಾಗಿತ್ತು. ಕತ್ತರಿ ಕುರ್ಚಿಯಲ್ಲಿ ಕೂತಿದ್ದಳು. ಕೋಟು ಹಾಕಿಕೊಂಡು, ಎಡಗಾಲಿಗೆ ಶೂ ಹಾಕಿಕೊಂಡು. ನನ್ನ ಮುಖ ನೋಡಿದಳು, ಹಿಟ್ಟು ನೋಡಿದಳು. ಆದರೂ ಕೇಳಿದಳು. ಕೇಳಲೇಬೇಕಿತ್ತು ಅನ್ನಿಸುತ್ತದೆ.

"ನನ್ನದೊಂದು ಶೂ ಕಾಣಿಸ್ತಿಲ್ಲ ಕಣೇ. ನೋಡಿದ್ಯಾ?"

ದೊಡ್ಡಕ್ಕನ ಆ "ಇಲ್ಲ" ನಾಲಿಗೆಯ ತುದಿಗೆ ಬಂತು. ಅಷ್ಟು ಸಲ ಕೇಳಿದ ಮಾತು. ಅಂದುಬಿಟ್ಟಿದ್ದರೆ ಇಬ್ಬರೂ ನಕ್ಕು, ಬಸ್ಸು ತಪ್ಪಿ, ಮತ್ತೆ ಹೆಸರಿಲ್ಲದ ಹಾಗೆಯೇ ನಡೆದುಕೊಂಡು ಹೋಗುತ್ತಿತ್ತು.

"ನೋಡಿದೆ," ಅಂದೆ. ಚೀಲದಿಂದ ತೆಗೆದು ತೋರಿಸಿದೆ. ಅವಳ ಮುಖ ಇಳಿದುಹೋಯಿತು. ಕೈ ಚಾಚಿದಳು, ಇಸಿದುಕೊಳ್ಳಲು.

"ಕೊಡಲ್ಲ," ಅಂದೆ.

"ಏನು?"

"ಕೊಡಲ್ಲ ಅಂದೆ. ಹೋಗ್ಬೇಡ. ಇಲ್ಲಿರು."

"ನನ್ನಿಷ್ಟ ಅಂದಿದ್ಯಲ್ಲ?"

"ಅದು ನಿನ್ನಿಷ್ಟ. ಇದು ನನ್ನಿಷ್ಟ. ನೀನು ಕೇಳ್ಲೇ ಇಲ್ಲ."

"ಕೇಳ್ಲಿಲ್ವಾ! ಪಾತ್ರೆ ತೊಳೀತಾ ಕೇಳ್ದೆ, ಊಟ ಮಾಡ್ತಾ ಕೇಳ್ದೆ, ಅಷ್ಟು ಜನರ ಮುಂದೆ ಬಾಯಲ್ಲಿ ಪಿನ್ನಿಟ್ಕೊಂಡು ಕೇಳ್ದೆ! ನಾಟಕಾನೇ ಬದಲಾಯಿಸ್ದೆ ಕಣೇ ನಿಂಗೋಸ್ಕರ. ನೀನು ಡಬ್ಬ ಅದೇನಾ ಅಂತ ಕೇಳ್ದೆ!"

ಅವಳು ಅಳುತ್ತಿದ್ದಳು, ಬೈಯುತ್ತಲೂ ಇದ್ದಳು. ನನಗೆ ಬಹಳ ಸಂತೋಷವಾಯಿತು. ಇಷ್ಟು ಸಂತೋಷ ಯಾವಾಗ ಆಗಿತ್ತೋ ನೆನಪಿಲ್ಲ.

ಬಸ್ಸು ಹೊರಟಿರುತ್ತದೆ ಈಗ. ಅವಳು ಒಳಗೆ ಮುಖ ತೊಳೆಯುತ್ತಿದ್ದಾಳೆ. ಶೂ ನನ್ನ ತೊಡೆಯ ಮೇಲಿದೆ.

ಜನವರಿ 2, ಬೆಳಿಗ್ಗೆ

ಶೂ ಒಳಗಿನ ಹಿಟ್ಟು ಹೋಗುತ್ತಿಲ್ಲ. ಹಲ್ಲುಜ್ಜುವ ಬ್ರಷ್ಷಿನಲ್ಲಿ ತಿಕ್ಕುತ್ತಿದ್ದೆ. ಯಾರ ಬ್ರಷ್ಷು ಅದು ಎಂದು ಕತ್ತರಿ ಒಳಗಿಂದ ಕೂಗಿದಳು. ನಿಂದೇ ಅಂದೆ. ಲಾರಿಯವನಿಗೆ ಫೋನ್ ಮಾಡಿ ಮೆಷಿನ್ ವಾಪಸ್ ತರಿಸಬೇಕು. ಥಿಯೇಟರಿಗೆ ಬೀಗ ಹಾಕಿರಲಿಲ್ಲವಂತೆ, ಮ್ಯಾನೇಜರ್ ಕೆಂಡಾಮಂಡಲ.

ಈಗ ತಾನೇ ಫೋನ್ ಬಂತು. ತಂಗಿ. ಗಾಬರಿಯ ದನಿ.

"ಓನರಮ್ಮಾ, ಅಕ್ಕ ಬಸ್ಸಲ್ಲಿ ಬರ್ಲೇ ಇಲ್ಲ. ಏನಾಯ್ತು? ಅಲ್ಲೇ ಇದ್ದಾಳಾ?"

"ಇಲ್ಲೇ ಇದ್ದಾಳೆ. ಇನ್ಮೇಲೂ ಇಲ್ಲೇ ಇರ್ತಾಳೆ," ಅಂದೆ.

"ಅಲ್ಲ, ನಿಮಗ್ಯಾಕೆ ತೊಂದ್ರೆ ಓನರಮ್ಮಾ—"

"ನಾನು ಓನರ್ ಅಲ್ಲಮ್ಮ," ಅಂದೆ.

"ಮತ್ತೆ?"

ಕತ್ತರಿ ರೂಮಿನ ಬಾಗಿಲಿಗೆ ಬಂದು ನಿಂತಿದ್ದಳು. ಟವೆಲ್ಲು ಕೈಯಲ್ಲೇ ಇತ್ತು. ಬೇಡ ಅನ್ನುವ ಹಾಗೆ ತಲೆ ಆಡಿಸಲಿಲ್ಲ. ಹೇಳು ಎಂದೂ ಅನ್ನಲಿಲ್ಲ. ನಾನು ಶೂ ಕೆಳಗಿಟ್ಟು, ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿಕೊಂಡು, "ನಾನು ನಿನ್ನ ಅಕ್ಕನ ಪಾರ್ಟ್‌ನರ್," ಅಂದೆ.